ಒಂದೇ ಗೂಡಿನ ಚೀಲ

ನಮ್ಮೂರಿನಲ್ಲಿ ಪಿಸ್ತೂಲು ಯಾರ ಕಣ್ಣಿಗೂ ಬೀಳಬಾರದು, ಗುಂಡಿನ ಲೆಕ್ಕ ಯಾರ ಕಿವಿಗೂ ತಪ್ಪಬಾರದು. ಪಿಸ್ತೂಲನ್ನು ಸೀರೆಯ ನೆರಿಗೆಯೊಳಗೋ ಅಂಗಿಯ ಕೆಳಗೋ ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ, ಆದರೆ ದಾರಿಯಲ್ಲಿ ಎದುರಾದವರು “ಎಷ್ಟು?” ಎಂದರೆ ಮೈಮೇಲಿರುವಷ್ಟನ್ನು ಹೇಳಿಯೇ ಮುಂದೆ ಹೋಗಬೇಕು. ಬೇರೆ ಊರಿನವರು ಆರಾಮಾ ಎಂದು ಕೇಳುವ ಜಾಗದಲ್ಲಿ ನಾವು ಎಷ್ಟು ಎಂದು ಕೇಳುತ್ತೇವೆ. “ಆರು.” “ನಂದು ನಾಕು, ರೊಟ್ಟಿ ಆತೇನ್ರಿ?” ಹೀಗೆ. ಒಮ್ಮೆ ಹೊಸ ಬಳೆಗಾರನೊಬ್ಬ ನಮ್ಮ ಓಣಿಗೆ ಬಂದು, ಎಷ್ಟು ಡಜನ್ ಬೇಕೆಂದು ತಿಳಿಯಲು “ಎಷ್ಟವ್ವಾ?” ಎಂದು ಕೇಳುತ್ತ ಹೋದ. ಹೆಂಗಸರು ಬಾಗಿಲಿನಿಂದಲೇ ಐದು, ಎಂಟು, ಹನ್ನೊಂದು ಎಂದು ಕೂಗಿದರು. ಅವನು ಎಲ್ಲವನ್ನೂ ಪೊಟ್ಟಣ ಕಟ್ಟಿದ ಮೇಲೆ ಒಬ್ಬರೂ ಕೊಳ್ಳಲಿಲ್ಲ. ಪಾಪ, ಆಮೇಲೆ ನಾನೇ ಒಂದು ಡಜನ್ ತೊಟ್ಟುಕೊಂಡೆ.

ನಾನು ಬಸಲಿಂಗವ್ವ. ಊರವರು ಕರೆಯುವುದು ಚೀಲದ ಬಸಲಿಂಗವ್ವ ಎಂದು. ಪಿಸ್ತೂಲು ಮತ್ತು ಗುಂಡು ಇಟ್ಟುಕೊಳ್ಳುವ ಸೊಂಟದ ಚೀಲ ಹೊಲಿಯುವುದು ನನ್ನ ಕೆಲಸ. ಯಾರೂ ಕಲಿಸಿಕೊಡಲಿಲ್ಲ. ಹಳೆಯ ಕುದುರೆಯ ಜೀನಿನ ಚೀಲವೊಂದನ್ನು ಬಿಚ್ಚಿ, ಅದರ ಎಳೆಯೆಳೆ ನೋಡಿ, ಮತ್ತೆ ಹೊಲಿದು, ಮತ್ತೆ ಬಿಚ್ಚಿ ಕಲಿತೆ. ನನ್ನ ಚೀಲ ಕಟ್ಟಿಕೊಂಡವರು ಬಾವಿಗೆ ಬಗ್ಗಿ ನೀರು ಸೇದಲಿ, ಮದುವೆಯಲ್ಲಿ ಕೋಲಾಟ ಆಡಲಿ, ಪಕ್ಕದಲ್ಲಿ ಕೂತವರಿಗೂ ಉಬ್ಬು ಕಾಣುವುದಿಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನನ್ನ ಹೊಲಿಗೆ ಹರಿದದ್ದನ್ನು ನಾನಿನ್ನೂ ನೋಡಿಲ್ಲ.

ಬಂದವರನ್ನು ನಾನು ಮೊದಲು ಕೇಳುವುದೇ ಎಷ್ಟು ಗೂಡು ಹಾಕಲಿ ಎಂದು. ಒಂದೊಂದು ಗೂಡಿಗೆ ಒಂದೊಂದು ಗುಂಡು. ಎಷ್ಟೋ ಮಂದಿಗೆ ಅದಕ್ಕೆ ಉತ್ತರ ಗೊತ್ತಿರುವುದಿಲ್ಲ. ಪಿಸ್ತೂಲಿಗೆ ಆರು ಮನೆ ಇದೆಯಲ್ಲ, ಆರು ಸಾಕು ಎನ್ನುವರು. ಅಲ್ಲ, ಒಂದು ಸಲ ತುಂಬಿದ್ದು ಮುಗಿದರೆ ಮತ್ತೆ ತುಂಬುವುದಕ್ಕೆ ಬೇಡವೇ, ಹನ್ನೆರಡು ಹಾಕು ಎನ್ನುವರು. ಹನ್ನೆರಡರಲ್ಲಿ ಎರಡು ಹುಸಿ ಹೋದರೆ? ಹದಿನೆಂಟು. ನಾನು ಬಟ್ಟೆ ಅಳೆಯುತ್ತ ಬೇರೆಯದನ್ನೇ ಕೇಳುತ್ತೇನೆ. ಯಾವ ಮಗ್ಗುಲಿಗೆ ಮಲಗುತ್ತೀರಿ? ಕೂಸನ್ನು ಯಾವ ಸೊಂಟಕ್ಕೆ ಎತ್ತಿಕೊಳ್ಳುತ್ತೀರಿ? ದಿನವೂ ಹೊರಲಾಗದ ಗುಂಡು ಹತ್ತು ದಿನಕ್ಕೆ ಗೋಡೆಯ ಗೂಟ ಸೇರುತ್ತದೆ, ಬೇಕಾದ ದಿನ ಅದು ಗೂಟದಲ್ಲೇ ತೂಗುತ್ತಿರುತ್ತದೆ. ನಮ್ಮೂರಿನ ಹಿರಿಯ ಕೊಟ್ರಗೌಡರಿಗೆ ಇಪ್ಪತ್ನಾಲ್ಕು ಗೂಡು. ಬಲಕ್ಕೆ ವಾಲಿಕೊಂಡೇ ನಡೆಯುತ್ತಾರೆ. ಅವರ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಎರಡು ತಿಂಗಳು ಮೊದಲೇ ಸವೆಯುತ್ತದೆ.

ಊರಿನಾಚೆ ಕಲ್ಲುಬಯಲು. ಅದನ್ನು ದಾಟಿದರೆ ಎರಡು ದಿನದ ದಾರಿಯಲ್ಲಿ ಟಪಾಲಿನ ಠಾಣೆ. ಬಯಲಿನಲ್ಲಿ ಸುಲಿಗೆಯವರಿದ್ದಾರೆ. ಅವರದ್ದೊಂದು ರೀತಿ. ನೀವು ಎಷ್ಟು ಗುಂಡು ಹೊತ್ತಿರುತ್ತೀರೋ ಅದಕ್ಕಿಂತ ಒಬ್ಬರು ಹೆಚ್ಚು ಬರುತ್ತಾರೆ. ಆರಿಗೆ ಏಳು, ಹತ್ತಕ್ಕೆ ಹನ್ನೊಂದು. ಒಬ್ಬ ಹೆಚ್ಚಿಲ್ಲ, ಒಬ್ಬ ಕಡಿಮೆಯಿಲ್ಲ. ಅವರಿಗೆ ಹೇಗೆ ತಿಳಿಯುತ್ತದೆ ಎಂದು ನನ್ನನ್ನು ಕೇಳಬೇಡಿ. ಇರುವೆಗೆ ಬೆಲ್ಲದ ಡಬ್ಬಿ ಹೇಗೆ ತಿಳಿಯುತ್ತದೆ?

ಟಪಾಲು ತರುವವರಿಗೆ ಇದರಿಂದ ಉಳಿಗಾಲವಿರಲಿಲ್ಲ. ಮೊದಲು ಹೋದವನು ಹನ್ನೆರಡು ಒಯ್ದ, ಚೀಲ ಕಳೆದುಕೊಂಡು ಬಂದ. ಮುಂದಿನವನು ಇಪ್ಪತ್ತು ಒಯ್ದ, ಅವನು ಬರಲೇ ಇಲ್ಲ. ಆಮೇಲೆ ಪರಗೊಂಡ ಎಂಬ ಗಟ್ಟಿ ಆಳು ನಲವತ್ತು ಗುಂಡು ಹೊತ್ತು ಹೋದ. ಆ ಚೀಲ ಹೊಲಿದವಳು ನಾನೇ, ಎಮ್ಮೆಯ ಚರ್ಮದ ಪಟ್ಟಿ ಹಾಕಿದ್ದೆ. ನಲವತ್ತೊಂದು ಮಂದಿ ಬಂದರು. ಆರು ಹಾರಿಸಿ ಏಳನೆಯದನ್ನು ತುಂಬುವಷ್ಟರಲ್ಲಿ ಮೈಮೇಲೆ ಬಿದ್ದರು. ಪರಗೊಂಡ ಮುರಿದ ಕೈಯಲ್ಲಿ ಬಂದ. ಸೊಂಟದಲ್ಲಿ ಮೂವತ್ನಾಲ್ಕು ಗುಂಡು ಹಾಗೇ ಇದ್ದವು.

ಹೀಗೆ ಎಂಟು ತಿಂಗಳು ಊರಿಗೆ ಟಪಾಲಿಲ್ಲ. ಸುಲಿಗೆಯವರು ಔಷಧಿ, ಕನ್ನಡಕ, ಬೀಜದ ಪೊಟ್ಟಣ ಇಟ್ಟುಕೊಂಡು ಕಾಗದಗಳನ್ನು ಗಾಳಿಗೆ ಬಿಡುತ್ತಿದ್ದರು. ಅವು ಜಾಲಿಮುಳ್ಳಿಗೆ ಸಿಕ್ಕಿಕೊಳ್ಳುವವು. ಕುರಿ ಕಾಯುವ ಸಿದ್ದಮಲ್ಲ ಸಿಕ್ಕದ್ದನ್ನು ಬಿಡಿಸಿ ತಂದು ಕಟ್ಟೆಯ ಮೇಲೆ ಓದುತ್ತಿದ್ದ. ಹರಿದ ಅರ್ಧ ಕಾಗದದಲ್ಲಿ ಗಂಡು ಹುಟ್ಟಿತೋ ಹೆಣ್ಣು ಹುಟ್ಟಿತೋ ಎಂಬುದು ಉಳಿದರ್ಧಕ್ಕೆ ಹೋಗಿರುತ್ತಿತ್ತು.

ಮುಂದಿನ ಪಾಳಿ ಯಾರದು ಎಂದು ಊರಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಸಭೆ ಕೂಡಿದಾಗ ನನ್ನ ಮಗಳು ಗಂಗಮಾಳವ್ವ ಎದ್ದು ನಿಂತಳು. ಇಪ್ಪತ್ತೆರಡು ವರ್ಷ. ನಾವು ಕರೆಯುವುದು ಮಾಳಿ ಎಂದು.

“ನಾ ಹೊಕ್ಕೀನಿ” ಎಂದಳು.

ಅಗಸಿಯ ಹಲಗೆಯ ಮೇಲೆ ಊರು ಬಿಡುವವರ ಲೆಕ್ಕ ಬರೆಯುವ ದಾವಲಸಾಬ ಸುಣ್ಣದ ಕಡ್ಡಿ ತೆಗೆದ. “ಎಷ್ಟವ್ವಾ?”

“ಒಂದು.”

ದಾವಲಸಾಬ ಕಿವಿಯ ಹತ್ತಿರ ಕೈ ಹಿಡಿದ. “ಒಂದರ ಮುಂದ ಏನು? ಹನ್ನೊಂದೋ ಇಪ್ಪತ್ತೊಂದೋ?”

“ಮುಂದೂ ಇಲ್ಲ ಹಿಂದೂ ಇಲ್ಲ ಕಾಕಾ. ಒಂದ ಗುಂಡು.”

ಕಟ್ಟೆಯೆಲ್ಲ ನಕ್ಕಿತು. ಕೊಟ್ರಗೌಡರು ಬಲಕ್ಕೆ ವಾಲಿಕೊಂಡೇ ಎದ್ದರು. “ಏ ಹುಡುಗಿ, ಊರ ಟಪಾಲು ತರಾಕ ಹೊಂಟೀಯೋ, ಗುಬ್ಬಿ ಹೊಡಿಯಾಕ ಹೊಂಟೀಯೋ? ಒಂದು ಗುಂಡಿನ ಊರು ಅಂತ ನಾಳಿಗೆ ಬಯಲು ನಕ್ಕರ ನಮ್ಮ ಮುಖ ಎಲ್ಲಿ ಇಡೂಣು?”

“ಗೌಡ್ರ, ನಲವತ್ತು ಒಯ್ದಾಗ ನಕ್ಕಿಲ್ಲೇನ್ರಿ ಅವರು?” ಎಂದಳು ಮಾಳಿ. “ನಲವತ್ತೊಂದು ಮಂದಿ ಬಂದ್ರ ಒಬ್ಬಗೂ ಹೆದರಿಕಿ ಇರೂದಿಲ್ಲ. ಗುಂಡು ಬಾಜೂದಾವಗ ಬೀಳತೈತಿ, ನನಗಲ್ಲ ಅಂತ ಎಲ್ಲಾರೂ ಅನ್ಕೋತಾರ. ಇಬ್ಬರ ಬಂದ್ರ? ಬೀಳೂದು ನನಗೋ ಅವಗೋ ಅಂತ ಇಬ್ಬರಿಗೂ ಎದಿ ಹೊಡಕೋತೈತಿ.”

“ಹಂಗಾದ್ರ ಒಂದೂ ಬ್ಯಾಡ, ಬರೇ ಕೈಲೆ ಹೋಗು!” ಎಂದ ಪರಗೊಂಡ, ಕೊರಳಿಗೆ ಕಟ್ಟಿದ ಕೈ ಸರಿಪಡಿಸಿಕೊಳ್ಳುತ್ತ.

“ಬರೇ ಕೈಲೆ ಹೋದ್ರ ಒಬ್ಬಾಂವ ಬರತಾನಣ್ಣ. ಒಬ್ಬಾಂವ ಭಾಳ ಕೆಟ್ಟ. ತನ್ನ ಮನಸಿಗೆ ತಾನ ಗೌಡ. ಇಬ್ಬರಿದ್ದಲ್ಲಿ ಜಗಳ ಇರತೈತಿ.”

ಕಟ್ಟೆ ಮತ್ತೆ ನಕ್ಕಿತು, ಆದರೆ ಈ ಸಲದ ನಗೆ ಬೇರೆಯಾಗಿತ್ತು. ಗೌಡರು ನನ್ನತ್ತ ತಿರುಗಿದರು. “ಬಸಲಿಂಗವ್ವಾ, ನೀನರ ಹೇಳು ಮಗಳಿಗೆ.”

ನಾನು ಏನು ಹೇಳಲಿ? ನನಗೆ ಇರುವವಳು ಒಬ್ಬಳೇ. ಒಂದು ಕಡೆ ಅವಳ ಕೈ ಹಿಡಿದು ಮನೆಗೆ ಎಳೆದೊಯ್ಯೋಣ ಎನಿಸುತ್ತಿತ್ತು, ಇನ್ನೊಂದು ಕಡೆ ನನ್ನ ಮಗಳು ಗೌಡರ ಎದುರು ನಿಂತು ಅಂಥ ಮಾತು ಆಡಿದಳಲ್ಲ ಎಂದು ಕುತ್ತಿಗೆ ತಾನಾಗಿ ನೆಟ್ಟಗಾಗುತ್ತಿತ್ತು. “ಆಕಿ ಸೊಂಟ, ಆಕಿ ಲೆಕ್ಕ” ಎಂದೆ. ದಾವಲಸಾಬ ಹಲಗೆಯ ಮೇಲೆ ದೊಡ್ಡದಾಗಿ ಬರೆದ: ಗಂಗಮಾಳವ್ವ, ಒಂದು.

ಅಂದೇ ಮಧ್ಯಾಹ್ನ ಚೀಲ ಹೊಲಿಯಲು ಕೂತೆ. ಅವಳ ಅಪ್ಪನ ಪಿಸ್ತೂಲಿಗೆ ಒಂದು ಮಡಿಕೆ, ಮಗ್ಗುಲಿಗೆ ಒಂದೇ ಒಂದು ಗೂಡು. ಅಷ್ಟು ಹಗುರಾದ ಚೀಲವನ್ನು ನಾನು ಹುಟ್ಟಿದಾಗಿನಿಂದ ಹೊಲಿದಿರಲಿಲ್ಲ. ಅಂಗೈಯಲ್ಲಿ ಇಟ್ಟರೆ ಇದ್ದದ್ದೇ ಗೊತ್ತಾಗುತ್ತಿರಲಿಲ್ಲ. ಆ ಹಗುರವೇ ನನ್ನನ್ನು ಕೆಡಿಸಿತು. ಮಾಳಿ ಸ್ನಾನಕ್ಕೆ ಹೋಗಿದ್ದಳು. ಅಂಗಿಯ ಗುಂಡಿಗಳನ್ನು ಹಾಕಿಡುವ ಡಬ್ಬಿಯ ತಳದಲ್ಲಿ ನನ್ನ ಗಂಡನ ಕಾಲದ ಗುಂಡೊಂದು ಉಳಿದಿತ್ತು. ಮನೆಯಲ್ಲಿ ಇಟ್ಟದ್ದಕ್ಕೆ ಲೆಕ್ಕವಿಲ್ಲ, ಮೈಮೇಲೆ ಹೊತ್ತದ್ದಕ್ಕೆ ಮಾತ್ರ. ಅದನ್ನು ಚೀಲದ ಕೆಳಗಿನ ಅಂಚಿನಲ್ಲಿಟ್ಟು ಮಡಚಿ ಹೊಲಿದುಬಿಟ್ಟೆ. ಕಷ್ಟದ ಹೊತ್ತಿನಲ್ಲಿ ಅವಳ ಬೆರಳಿಗೆ ಸಿಕ್ಕರೆ ಸಿಗಲಿ ಎಂದು.

ನೀವು ಕೇಳುತ್ತೀರಿ, ಇಷ್ಟು ವರ್ಷ ಊರಿಗೆಲ್ಲ ಲೆಕ್ಕದ ಚೀಲ ಹೊಲಿದವಳಿಗೆ ಬುದ್ಧಿ ಬೇಡವೇ ಎಂದು. ಹೊಲಿಯುವವರ ಬುದ್ಧಿ ಬೇರೆ ಇರುತ್ತದೆ. ಪರದೆ ಹಾರದಿರಲೆಂದು ಅಂಚಿನಲ್ಲಿ ಕಲ್ಲು ಇಟ್ಟು ಹೊಲಿಯುತ್ತೇವೆ, ಅದನ್ನು ಯಾರೂ ಕಲ್ಲಿನ ಪರದೆ ಎನ್ನುವುದಿಲ್ಲ. ಮಗುವಿನ ಕುಲಾವಿಯಲ್ಲಿ ಬಜೆ ಇಟ್ಟು ಹೊಲಿಯುತ್ತೇವೆ, ಅದು ಕುಲಾವಿಯೇ. ನಮ್ಮ ಪಾಲಿಗೆ ಹೊಲಿಗೆಯೊಳಗೆ ಹೋದದ್ದೆಲ್ಲ ಬಟ್ಟೆ. ಅದು ಗೂಡಿನಲ್ಲಿಲ್ಲ, ಪಿಸ್ತೂಲಿನಲ್ಲಿಲ್ಲ, ಹಾಗಾದರೆ ಅವಳು ಹೊತ್ತದ್ದು ಒಂದೇ ತಾನೇ? ಆಣೆ ಮಾಡಿ ಹೇಳುತ್ತೇನೆ, ಆಗ ನನಗೆ ಹಾಗೆಯೇ ಅನಿಸಿತು.

ಮಾಳಿ ಬೆಳಿಗ್ಗೆ ಹೊರಟಳು. ಅಗಸಿಯಲ್ಲಿ ಹತ್ತು ಮಂದಿ ಕೇಳಿದರು, ಹತ್ತು ಮಂದಿಗೂ ಒಂದು ಎಂದಳು. ಆ ಧ್ವನಿ ಕೇಳಿ ನನಗೆ ಹಾಡಿಕೊಂಡು ಮನೆಗೆ ಬರುವಷ್ಟು ಸಂತೋಷವಾಯಿತು. ಸುಲಿಗೆಯವರು ಬರುವುದು ಟಪಾಲು ತುಂಬಿಕೊಂಡು ಮರಳುವಾಗ, ಆದ್ದರಿಂದ ಮೊದಲೆರಡು ದಿನ ನನಗೆ ಚಿಂತೆಯಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಸಿದ್ದಮಲ್ಲ ಕುರಿ ಹೊಡೆದುಕೊಂಡು ಬೇಗನೆ ಬಂದ. “ಬಯಲಾಗ ಮಂದಿ ಹೊಂಟಾರು. ಕಲ್ಲುದಿಬ್ಬದ ಕಡೆ. ಕಣ್ಣಾರೆ ನೋಡೀನಿ.”

“ಇಬ್ಬರೇನು?” ಎಂದ ದಾವಲಸಾಬ.

“ಮೂರು ಮಂದಿ.”

“ಹಂಗಾದ್ರ ನಮ್ಮ ಮಾಳಿಗಲ್ಲ ಬಿಡು. ಆಕಿ ಲೆಕ್ಕ ಒಂದು, ಆಕಿಗೆ ಇಬ್ಬರ. ಇದ್ಯಾರೋ ಎರಡು ಹೊತ್ತಾವಗ ಹೊಂಟಿರಬೇಕು.”

ಕಟ್ಟೆಯ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ನಾನು ಹಿಡಿದಿದ್ದ ಕೊಡ ಕೆಳಗಿಟ್ಟೆ. ಆ ಬಯಲಿನಲ್ಲಿ ಎರಡು ಹೊತ್ತವಳು ಯಾರೆಂದು ನನ್ನೊಬ್ಬಳಿಗೇ ಗೊತ್ತಿತ್ತು. ಇಬ್ಬರಿದ್ದರೆ ಜಗಳ ಎಂದಿದ್ದಳು ಅವಳು. ಮೂವರಿದ್ದರೆ? ಮೂವರಲ್ಲಿ ಇಬ್ಬರು ಒಂದಾಗುತ್ತಾರೆ, ಉಳಿದವನನ್ನು ಮುಂದೆ ದಬ್ಬುತ್ತಾರೆ. ಅವಳ ಎಲ್ಲ ಯೋಚನೆಯನ್ನೂ ನಾನು ನಾಲ್ಕು ಎಳೆ ದಾರದಲ್ಲಿ ಕೆಡಿಸಿಟ್ಟಿದ್ದೆ. ಮೇಲಾಗಿ ಅವಳು ಅವರೆದುರು ಒಂದು ಎಂದೇ ಹೇಳುತ್ತಾಳೆ. ಹುಟ್ಟಿದಾಗಿನಿಂದ ಸುಳ್ಳು ಲೆಕ್ಕ ಹೇಳದ ಹುಡುಗಿ, ನಾನು ಕಟ್ಟಿಕೊಟ್ಟ ಸುಳ್ಳನ್ನು ಹೇಳುತ್ತಾಳೆ. ಮನೆಗೆ ಬಂದು ಸೂಜಿ ಹಿಡಿದೆ, ದಾರ ಪೋಣಿಸಲು ಆಗಲಿಲ್ಲ.

ನಾಲ್ಕನೆಯ ದಿನ ಹೊತ್ತು ಇಳಿಯುವ ಮೊದಲೇ ಅಗಸಿಯಲ್ಲಿ ಕೂಗು ಎದ್ದಿತು. ಓಡಿದೆ. ಮಾಳಿ ಬರುತ್ತಿದ್ದಳು. ಬೆನ್ನ ಮೇಲೆ ಟಪಾಲಿನ ಚೀಲ, ಠಾಣೆಯಲ್ಲಿ ಕೂಡಿಬಿದ್ದಿದ್ದ ಟಪಾಲೆಲ್ಲ, ಬಸುರಿ ಎಮ್ಮೆಯ ಹೊಟ್ಟೆಯ ಹಾಗೆ ತುಂಬಿತ್ತು. ಮೈಮೇಲೆ ಒಂದು ತರಚಿದ ಗಾಯವೂ ಇರಲಿಲ್ಲ. ಹೆಂಗಸರು ಮುತ್ತಿಕೊಂಡರು, ಪರಗೊಂಡ ಒಂದೇ ಕೈಯಲ್ಲಿ ಅವಳ ಹೊರೆ ಇಳಿಸಿಕೊಂಡ. ದಾವಲಸಾಬ ಮಾತ್ರ ಹಲಗೆಯ ಹತ್ತಿರ ನಿಂತಿದ್ದ. ಊರಿಗೆ ಮರಳಿದವರು ಒಳಗೆ ಕಾಲಿಡುವ ಮೊದಲು ಲೆಕ್ಕ ಒಪ್ಪಿಸಬೇಕು.

“ಹೋಗೂವಾಗ ಒಂದು ಅಂತ ಬರದೀನವ್ವಾ. ಹೌದಲ್ಲ?”

ಮಾಳಿ ಸೊಂಟದ ಚೀಲದ ಬಿಚ್ಚಿದ ಅಂಚನ್ನು ಸೆರಗಿನಿಂದ ಮುಚ್ಚಿಕೊಂಡಳು. ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತ ನಿಂತಳು. ಅವಳಿಗೆ ತಿಳಿದಿದೆ ಎಂದು ನನಗೆ ತಿಳಿಯಿತು. ಹೌದೆಂದರೆ ಸುಳ್ಳು, ಅಲ್ಲವೆಂದರೆ ತಾಯಿಯ ಮಾನ ಹೋಗುತ್ತದೆ. ಅವಳನ್ನು ಆ ಸಂದಿಯಲ್ಲಿ ಇನ್ನೊಂದು ಉಸಿರು ನಿಲ್ಲಿಸಿದರೆ ನಾನು ತಾಯಿಯಲ್ಲ.

“ಎರಡು” ಎಂದೆ ನಾನು, ಮುಂದೆ ಬಂದು. “ಎರಡು ಒಯ್ದಾಳು ದಾವಲಣ್ಣ. ಆಕಿಗೆ ಗೊತ್ತಿರಲಿಲ್ಲ. ಅಂಚಿನಾಗ ಇಟ್ಟು ಹೊಲದಾಕಿ ನಾನು.”

ಸಿದ್ದಮಲ್ಲ ಮೆಲ್ಲಗೆ, “ಅದಕ್ಕ ಮೂರು ಮಂದಿ...” ಎಂದ.

“ಹೌದು, ಮೂರು ಮಂದಿ ಬಂದಿದ್ರು” ಎಂದಳು ಮಾಳಿ. ಕಟ್ಟೆಯ ಮೇಲೆ ಕೂತಳು. ಯಾರೋ ನೀರು ಕೊಟ್ಟರು. ಕುಡಿದು ಹೇಳಿದಳು. ಅವಳು ಹೇಳಿದ ಹಾಗೆಯೇ ನಾನೂ ಹೇಳುತ್ತಿದ್ದೇನೆ, ನನ್ನದು ಒಂದು ಎಳೆಯೂ ಇಲ್ಲ.

ಕಲ್ಲುದಿಬ್ಬದ ಹತ್ತಿರ ಬಂಡೆಯ ಹಿಂದಿನಿಂದ ಎದ್ದು ನಿಂತರಂತೆ. ಒಬ್ಬ ಹಿರಿಯ, ಅವನ ಹೆಂಡತಿಯ ತಮ್ಮ, ಮೂರನೆಯವನು ಉದ್ದ ಮೀಸೆಯವನು. ಹಿರಿಯ ಕೇಳಿದನಂತೆ, “ಎಷ್ಟು ತಂಗಿ?”

“ಒಂದು.”

“ಥೂ! ನೋಡಾಕ ಮನಿತನದಾಕಿ ಇದ್ದಂಗ ಅದಿ, ಲೆಕ್ಕ ಸುಳ್ಳು ಹೇಳತಿಯಲ್ಲ. ಮೂರು ಮಂದಿ ಬಂದೀವಿ, ಕಾಣೂದಿಲ್ಲೇನು?”

ಮಾಳಿಗೆ ಕೆನ್ನೆಗೆ ಬಿಗಿದ ಹಾಗಾಯಿತಂತೆ. “ನೀವ ತಪ್ಪಿ ಬಂದೀರಿ.”

“ನಮ್ಮಪ್ಪನ ಕಾಲದಿಂದ ನಾವು ಒಬ್ಬ ಹೆಚ್ಚು ಬಂದಿಲ್ಲ, ಒಬ್ಬ ಕಡಿಮಿ ಬಂದಿಲ್ಲ. ನಮಗ ಸುಳ್ಳು ಅಂತಿಯೇನು?” ಎಂದು ಅವನೂ ಸಿಟ್ಟಾದನಂತೆ. ಅವರು ಸುಲಿಯುವವರು, ನಿಜ, ಆದರೆ ಅವರಿಗೂ ಅವರದೊಂದು ಮರ್ಯಾದೆ.

ಆಗ ಇವಳು ಚೀಲದ ಸುತ್ತ ಬೆರಳು ಆಡಿಸಿದಳು. ನಾನು ಯಾವತ್ತೂ ಅಂಚಿಗೆ ಎರಡು ಮಡಿಕೆ ಹಾಕುವವಳು. ಕೆಳಗೆ ಮೂರು ಮಡಿಕೆ ಸಿಕ್ಕಿತು. ಹಲ್ಲಿನಿಂದ ದಾರ ಕಡಿದಳು. ಗುಂಡು ಉರುಳಿ ಅಂಗೈಗೆ ಬಂತು.

“ನಿಮ್ಮದ ಖರೇ ಐತಿ, ಎರಡದಾವ” ಎಂದಳಂತೆ. “ಗೂಡಿನ್ಯಾಗಿಂದು ನಂದು. ಇದು ನಮ್ಮವ್ವನ ಹೆದರಿಕಿ.” ಹಾಗೆಂದು ಅದನ್ನು ದೂರದ ಕೊರಕಲಿಗೆ ಎಸೆದುಬಿಟ್ಟಳು.

ಮೀಸೆಯವನು ಅದು ಬಿದ್ದ ಕಡೆ ನೋಡಿದ, ಉಳಿದಿಬ್ಬರ ಮುಖ ನೋಡಿದ. “ಅಯ್ಯ, ಬರೇ ನಡದಂಗಾತಲ್ಲೋ! ಎರಡು ಹರದಾರಿ ಬಂದೀನಿ, ಬಿಸಲಾಗ” ಎಂದು ಗೊಣಗುತ್ತ ತಿರುಗಿ ಹೊರಟುಹೋದ. ಲೆಕ್ಕ ಒಂದಾದ ಮೇಲೆ ಮೂರನೆಯವನಿಗೆ ಅಲ್ಲಿ ಏನು ಕೆಲಸ?

ಮಾಳಿ ಟಪಾಲಿನ ಚೀಲವನ್ನು ನೆಲಕ್ಕಿಟ್ಟು ಅದರ ಮೇಲೆ ಕೂತಳು. ಪಿಸ್ತೂಲು ತೆಗೆಯಲಿಲ್ಲ, ಎಡಗೈಯನ್ನು ಸೊಂಟದ ಮೇಲೆ ಇಟ್ಟುಕೊಂಡಳು. “ಒಂದೈತಿ. ಯಾರಿಗೆ ಬೇಕು ಅನ್ನೂದು ನೀವ ನೀವ ಮಾತಾಡ್ಕೊಳ್ರಿ. ಮುಂದ ಬಂದಾವಗ ಕೊಡತೀನಿ” ಎಂದು ಬಲಗೈಯಲ್ಲಿ ಬುತ್ತಿ ಬಿಚ್ಚಿದಳು.

“ನೀ ನಡಿ ಭಾವಾ, ಹಿರಿಯಾವ ನೀನು.”

“ನಮ್ಮ ಮನಿಗೆ ಅಕ್ಕನ ಕೊಟ್ಟಿ, ಈಗ ಆಕಿನ್ನ ರಂಡಿ ಮುಂಡಿ ಮಾಡಬೇಕಂತಿಯೇನು? ನೀ ಹೋಗು, ಪ್ರಾಯದಾವ. ಓಡಿ ಹಿಡೀತಿ.”

“ನಿನ್ನ ಮದುವ್ಯಾಗ ಊಟಕ್ಕ ನೀನ ಮೊದಲು ಕುಂತಿದ್ದಿ. ಈಗ್ಯಾಕ ಹಿಂದ ಸರೀತಿ?”

“ಮದುವಿ ಮಾತು ಎತ್ತಬ್ಯಾಡ! ಆ ದಿನ ನಿಮ್ಮ ಸೋದರಮಾವ ಏನಂದ ಅಂತ ನಾ ಇನ್ನೂ ಮರತಿಲ್ಲ!”

ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಜಗಳ ಸೋದರಮಾವನಿಗೆ ಬಂದಿತ್ತು. ಎರಡನೆಯದು ಮುಗಿಯುವಷ್ಟರಲ್ಲಿ ಸೋದರಮಾವನ ಅಜ್ಜಿಯವರೆಗೆ ಹೋಗಿತ್ತು. ಮಾಳಿ ಕೈ ಒರೆಸಿಕೊಂಡು, ಚೀಲ ಬೆನ್ನಿಗೇರಿಸಿ, “ನಾ ಬರ್ಲ್ಯಾ ಅಣ್ಣಾ?” ಎಂದಳಂತೆ. ಹಿರಿಯನು ಇತ್ತ ನೋಡದೆಯೇ, “ತಡೀ ತಂಗಿ, ಇವನ ಬುದ್ಧಿ ಮೊದಲು ತಿದ್ದತೀನಿ” ಎಂದನಂತೆ. ಇವಳು ನಡೆದುಬಂದಳು. ಅರ್ಧ ಹರದಾರಿಯವರೆಗೂ ಅವರ ಧ್ವನಿ ಕೇಳುತ್ತಿತ್ತಂತೆ.

ಕಟ್ಟೆ ನಕ್ಕಿತು, ಕೆಲವರು ಅತ್ತರು. ಎಷ್ಟೋ ಮಂದಿ ಆಗಲೇ ಟಪಾಲಿನ ಚೀಲದೊಳಗೆ ಕೈ ಹಾಕಿ ತಮ್ಮ ಹೆಸರು ಹುಡುಕುತ್ತಿದ್ದರು. ಕೊಟ್ರಗೌಡರು ಮಾಳಿಯ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು.

“ಬಸಲಿಂಗವ್ವಾ, ಕಟ್ಟಳಿ ನಿನಗೂ ಗೊತ್ತೈತಿ.”

“ಗೊತ್ತೈತ್ರಿ. ಲೆಕ್ಕ ಅಡಗಿಸಿದವರ ಸೂಜಿ ಒಂದು ವರ್ಷ ಚೀಲಕ್ಕ ಹತ್ತಬಾರದು.”

“ಗೌಡ್ರ, ಆಕಿ ತಾಯಿ ಅದಾಳ” ಎಂದಳು ಮಾಳಿ ಎದ್ದು. “ಹೆದರಿ ಮಾಡಿದ್ದದು.”

“ಕುಂಡ್ರ ಮಾಳಿ” ಎಂದೆ. “ನೀ ಬಯಲಾಗ ನಿಂತು ನನ್ನ ಹೆದರಿಕಿ ಎಸದ ಬಂದೀ. ಊರಾಗ ನಿಂತು ಅದನ್ನ ಮತ್ತ ಎತ್ಕೋಬ್ಯಾಡ. ಬರೀ ದಾವಲಣ್ಣ.”

ದಾವಲಸಾಬ ಹಲಗೆಯ ಮೇಲೆ ಒಂದನ್ನು ಒರೆಸಿ ಎರಡು ಎಂದು ಬರೆದ. ಕೆಳಗೆ ನನ್ನ ಹೆಸರು ಬರೆದು ಒಂದು ವರ್ಷ ಎಂದು ಹಾಕಿದ. ಶಿಕ್ಷೆ ನನಗೆ ಭಾರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೈಗೆ ಚರ್ಮ ತಾಗದ ದಿನ ಈಗಲೂ ಉಪ್ಪಿಲ್ಲದ ಹಾಗಿರುತ್ತದೆ. ಕುಪ್ಪಸ ಹೊಲಿಯುತ್ತೇನೆ, ಕೌದಿ ಹೊಲಿಯುತ್ತೇನೆ.

ಹದಿನೈದು ದಿನದ ಮೇಲೆ ಮಾಳಿ ಮತ್ತೆ ಟಪಾಲಿಗೆ ಹೊರಟಳು. ಹಲ್ಲಿನಿಂದ ಕಡಿದ ಹಳೆಯ ಚೀಲ ಪೂರ್ತಿ ಬಿಚ್ಚಿಹೋಗಿತ್ತು. ಹೊಸದನ್ನು ತಾನೇ ಹೊಲಿಯಲು ಕೂತಳು. ಎರಡು ದಿನ ಹಿಡಿಯಿತು. ಸೂಜಿ ಹಿಡಿಯುವ ರೀತಿಯೇ ತಪ್ಪು. ದಾರ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಮೂಲೆ ಬಂದಾಗಲೆಲ್ಲ ನನ್ನ ಬೆರಳು ತಾವಾಗಿ ಎದ್ದು ಅವಳ ಕಡೆ ಹೋಗುವವು, ನಾನು ಅವನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. “ಹೆಂಗೈತಿ ಅವ್ವಾ?” ಎಂದು ಕೇಳಿದಳು. “ನಿನ್ನ ಸೊಂಟಕ್ಕ ಸರಿ ಕುಂತ್ರ ಆತು” ಎಂದೆ.

ಬೆಳಿಗ್ಗೆ ಅಗಸಿಯಲ್ಲಿ ಊರೇ ಸೇರಿತ್ತು. ದಾವಲಸಾಬ ಕೇಳಿದ, ಅವಳು ಹೇಳಿದಳು, ಅವನು ಬರೆದ. ಅವಳು ಬಯಲಿಗಿಳಿದು ನಡೆಯತೊಡಗಿದಾಗ ಸೀರೆಯ ಸೆರಗು ಗಾಳಿಗೆ ಸರಿದು ಚೀಲದ ಒಂದು ಮೂಲೆ ಕಂಡಿತು. ನನ್ನ ಪಕ್ಕ ನಿಂತ ಹೊಸ ಸೊಸೆಯೊಬ್ಬಳು, ಊರಿಗೆ ಬಂದು ವಾರವಾಗಿತ್ತು, ನನ್ನ ಮೊಳಕೈ ತಿವಿದಳು.

“ಯಕ್ಕಾ, ಊರಾಗಿನ ಚೀಲೆಲ್ಲಾ ನೀನ ಹೊಲಿತಿದ್ದಿ ಅಂತಲ್ಲ. ಅದೂ ನಿಂದೇನು? ಹೊಲಿಗಿ ಹಿಂಗ್ಯಾಕ ಡೊಂಕು?”

“ನಂದಲ್ಲ ಅದು” ಎಂದೆ, ಕಟ್ಟೆಯ ಕೊನೆಯವರೆಗೂ ಕೇಳುವ ಹಾಗೆ. “ನನ್ನ ಮಗಳು ಹೊಲದಾಳು.”